ಸೊನ್ನೆಗೆ ಪುರಾವೆ

ನಮ್ಮ ಪುರಾವೆ ಮೇಷ್ಟ್ರು ಬೆಳಿಗ್ಗೆ ಎದ್ದು ಕನ್ನಡಿಯಲ್ಲಿ ಮುಖ ಕಂಡಮೇಲೂ, ತಾವು ಬದುಕಿರುವುದಕ್ಕೆ ಒಂದು ಫೋಟೋ ತೆಗೆದಿಟ್ಟುಕೊಂಡೇ ಹಲ್ಲುಜ್ಜಲು ಹೋಗುತ್ತಾರೆಂದು ನನಗೆ ಬಲವಾದ ಗುಮಾನಿ! ಇಂಥವರ ಎದುರಿಗೆ ಒಂದು ದೆವ್ವ ಬಂದು ನಿಂತರೆ ಯಾರು ಯಾರಿಗೆ ಹೆದರಬೇಕು ಹೇಳಿ? ನಗಬೇಡಿ. ಬಂದಿತ್ತು. ಅದೂ ಹಾಡಹಗಲಲ್ಲಿ, ಚಳ್ಳಕೆರೆಯ ಬಿಸಿಲಿನಲ್ಲಿ, ದಿನಾ ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ.

ಮೇಷ್ಟ್ರು ಮೊಳಕಾಲ್ಮುರಿನವರು. ಮನೆಯಲ್ಲಿ ತೆಲುಗು, ಬಸ್ಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಪಾಠ ಮಾಡುವುದು ಇತಿಹಾಸವನ್ನು. ಆದರೆ ಅವರ ಪ್ರತಾಪವೆಲ್ಲ ಕಾಣುವುದು ನಮ್ಮ ಕಾಲೇಜು ವರ್ಷಕ್ಕೊಮ್ಮೆ ಸಿದ್ಧಪಡಿಸುವ ಸಾಧನಾ ವರದಿಯಲ್ಲಿ. ಅಧ್ಯಾಪಕರು, ಸಿಬ್ಬಂದಿ ಆ ವರ್ಷ ಏನೇನು ಕಡಿದು ಕಟ್ಟೆ ಹಾಕಿದ್ದಾರೆಂದು ಪಟ್ಟಿ ಮಾಡುವ ಕೆಲಸಕ್ಕೆ ಅವರೇ ಸಂಚಾಲಕರು, ಕನ್ನಡ ಪಾಠ ಹೇಳುವ ನಾನು ಅವರ ಬಾಲಂಗೋಚಿ. ಪಟ್ಟಿಯ ಕೊನೆಯ ಕಾಲಂ ‘ಪುರಾವೆ’. ಅದು ಖಾಲಿ ಇದ್ದರೆ ನೀವು ಆಕಾಶಕ್ಕೆ ಏಣಿ ಹಾಕಿದ್ದರೂ ಹಾಕಿಲ್ಲ!

ಒಮ್ಮೆ ನಮ್ಮ ಅರ್ಥಶಾಸ್ತ್ರದವರು ದೂರದೂರಿನ ವಿಚಾರಸಂಕಿರಣದಲ್ಲಿ ಪ್ರಬಂಧ ಓದಿ ಬಂದು ಫೋಟೋ ಕೊಟ್ಟರು. ಮೇಷ್ಟ್ರು ಅದನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ನೋಡಿ, “ಹೋಳಿಗೆ ತಿಂದಿದ್ದಕ್ಕೆ ಪುರಾವೆ ಐತೆ. ಪ್ರಬಂಧ ಓದಿದ್ದಕ್ಕೆ ಎಲ್ಲೈತ್ರೀ?” ಎಂದು ವಾಪಸ್ಸು ಕೊಟ್ಟರು. ವಿದ್ಯಾರ್ಥಿಗಳನ್ನು ಬ್ರಹ್ಮಗಿರಿಗೆ ಕರೆದೊಯ್ದಾಗ ಬಂಡೆಯ ಶಾಸನದ ಮುಂದೆ ನಿಂತು, “ಚಕ್ರವರ್ತಿ ಏನೋ ಜಾಣ, ಕಲ್ಲಲ್ಲೇ ಹೊಡಿಸಿ ಇಟ್ಟವ್ನೆ. ಆದ್ರೆ ಸಹಿ ಎಲ್ಲೈತೆ?” ಎಂದವರು ಇವರೇ. ನನ್ನ ಮನೆಯ ಗೃಹಪ್ರವೇಶಕ್ಕೆ ಬಂದು ಪಾಯಸ ಕುಡಿದು, ಅಕ್ಷಾಂಶ ರೇಖಾಂಶ ಬೀಳುವಂತೆ ಹೊಸಿಲಿನ ಫೋಟೋ ಹೊಡೆದುಕೊಂಡು ಹೋದರು. ಇರಲಿ, ಯಾವತ್ತಾದರೂ ಮನೆ ಕಾಣೆಯಾದರೆ ಹುಡುಕಲು ಅನುಕೂಲ!

ಇನ್ನು ಲ್ಯಾಬ್ ಭಾಯಿಯ ವಿಷಯ. ಭಾಯಿ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕರು. ಕಾಲೇಜಿನ ಹಿತ್ತಲಲ್ಲಿ, ಮುರಿದ ಕಾಂಪೌಂಡಿನ ಪಕ್ಕ, ಒಂದು ಮಳೆಮಾಪಕ ಇದೆ. ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಅಳತೆ ಗಾಜಿಗೆ ಸುರಿದು ನೋಡಿ, ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಮಳೆ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಚಳ್ಳಕೆರೆಯ ಮಳೆ ನಿಮಗೆ ಗೊತ್ತಲ್ಲ? ವರ್ಷದಲ್ಲಿ ಮುಕ್ಕಾಲು ಪಾಲು ಭಾಯಿ ಬರೆಯುತ್ತಿದ್ದುದು ಸೊನ್ನೆ. ಮೇಲ್ಗಡೆ ಸಣ್ಣ ಬಾಲ ಬಿಟ್ಟ, ದುಂಡನೆಯ, ಚೆಂದದ ಸೊನ್ನೆ. ಬರೆಯುವ ಮುನ್ನ ಆ ಸೊನ್ನೆಯನ್ನು ಉರ್ದುವಿನಲ್ಲಿ “ಸಿಫರ್!” ಎಂದು ಗಟ್ಟಿಯಾಗಿ ಕೂಗುವುದು ಅವರ ಅಭ್ಯಾಸ. ಯಾರಿಗೆ ಕೂಗುತ್ತಾರೆಂದು ನಾವು ಕೇಳಲಿಲ್ಲ.

ಒಂದು ವರ್ಷ ಭಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಸಂಕೋಚದಿಂದ ಕೇಳಿದರು. “ಸಾರ್, ವರದಿಯಾಗೆ ನಂದೂ ಒಂದು ಸಾಲು ಹಾಕ್ರಿ. ಇಪ್ಪತ್ತು ವರ್ಷದಾಗೆ ಒಂದಿನಾನೂ ಮಳೆ ಲೆಕ್ಕ ಬಿಟ್ಟಿಲ್ಲ.”

“ಪುರಾವೆ ಏನೈತೆ ಭಾಯಿ? ಪುಸ್ತಕದ ತುಂಬ ಸೊನ್ನೆ. ಮನೇಲಿ ಹಾಸಿಗೆ ಮ್ಯಾಲೆ ಮಲಕ್ಕಂಡೂ ಸೊನ್ನೆ ಬರೀಬೌದು!” ಎಂದರು ಮೇಷ್ಟ್ರು.

ನಾವೆಲ್ಲ ನಕ್ಕೆವು. ಭಾಯಿಯೂ ನಕ್ಕರು. ಆ ಬೇಸಿಗೆಯಲ್ಲೇ ಎದೆನೋವೆಂದು ಮಲಗಿದ ಭಾಯಿ ಮತ್ತೆ ಏಳಲಿಲ್ಲ. ಪೆಟ್ಟಿಗೆಯ ಬೀಗದ ಕೈ ಮೇಷ್ಟ್ರ ಮೇಜಿನ ಡ್ರಾಯರ್ ಸೇರಿತು, ಮಳೆಮಾಪಕವನ್ನು ಎಲ್ಲರೂ ಮರೆತೆವು.

ಮರುವರ್ಷ ತಪಾಸಣೆ ತಂಡ ಬರುತ್ತದೆಂದು ಕಾಲೇಜಿನ ಸಾಮಾನುಗಳ ಲೆಕ್ಕ ಹಿಡಿಯುತ್ತ ನಾವಿಬ್ಬರೂ ಬೆಳಿಗ್ಗೆಯೇ ಹಿತ್ತಲಿಗೆ ಹೋದೆವು. ಮೇಷ್ಟ್ರು ಪೆಟ್ಟಿಗೆ ತೆಗೆದು ಪುಸ್ತಕ ಬಿಡಿಸಿದರು. ಬಿಡಿಸಿದವರು ಹಾಗೇ ನಿಂತರು.

ಸೊನ್ನೆಗಳು ನಿಂತಿರಲಿಲ್ಲ. ಭಾಯಿ ಸತ್ತ ಮರುದಿನದ ಎದುರಿಗೆ ಸೊನ್ನೆ. ಮಣ್ಣು ಮಾಡಿ ನಾವೆಲ್ಲ ಖಬರಸ್ತಾನದಿಂದ ವಾಪಸ್ಸಾದ ಆ ದಿನವೇ! ಮುಂದಿನ ವಾರ, ಮುಂದಿನ ತಿಂಗಳು, ನಡುನಡುವೆ ಬಿದ್ದ ನಾಲ್ಕಾರು ಮಳೆಯ ಅಳತೆ, ಮತ್ತೆ ಸೊನ್ನೆ. ಅದೇ ಕೈಬರಹ, ಅದೇ ಬಾಲ. ಕೊನೆಯ ಸಾಲಿನಲ್ಲಿ ಆವತ್ತಿನ ತಾರೀಕು. ಮೇಷ್ಟ್ರು ಬೆರಳಿಟ್ಟು ನೋಡಿದರು. ಕೈಗೆ ಶಾಯಿ ಅಂಟಿತು.

“ಏಮಿರಾ ಇದಿ!” ಎಂದು ಅವರ ಬಾಯಿಂದ ತೆಲುಗು ಹೊರಟಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಅವರ ಬೆನ್ನಿಗೆ ನಿಂತೆ.

ಸುದ್ದಿ ಕಾಲೇಜಿಗೆಲ್ಲ ಹಬ್ಬಿತು. ರಸಾಯನಶಾಸ್ತ್ರದ ಮೇಡಂ ಹಿತ್ತಲ ಕಡೆಯ ಕಿಟಕಿಗೆ ನಿಂಬೆಹಣ್ಣು ಕಟ್ಟಿದರು, ವಿಜ್ಞಾನ ವಿಭಾಗದ ಕಡೆಯಿಂದ! ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆದು, “ತಂಡದೋರು ಬರೋದ್ರೊಳಗೆ ಆ ಮಳೆ ಡಬ್ಬಿ ಕೀಳ್ರಿ. ಪುಸ್ತಕಗಳ್ನೆಲ್ಲ ರದ್ದಿಗೆ ಹಾಕ್ರಿ. ಸತ್ತೋರು ಡ್ಯೂಟಿ ಮಾಡ್ತಾವ್ರೆ ಅಂತ ನಾನು ಎಲ್ಲಿ ಸಹಿ ಹಾಕ್ಲಿ?” ಎಂದರು.

“ಒಂದು ವಾರ ಟೈಮ್ ಕೊಡ್ರಿ ಸಾರ್,” ಎಂದರು ಮೇಷ್ಟ್ರು. ಹೊರಗೆ ಬಂದಮೇಲೆ ನನ್ನ ತೋಳು ಹಿಡಿದರು. “ಸೊನ್ನೆ ಮನೇಲೇ ಮಲಕ್ಕಂಡು ಬರೀಬೌದು ಅಂದಿದ್ನಲ್ರೀ ನಾನು? ಅದಕ್ಕೇ ಉತ್ತರ ಬರೀತಾವ್ನೆ. ದಿನಾ ಬರೀತಾವ್ನೆ. ನಂಗೇ!”

ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಮರುದಿನ ಮೇಷ್ಟ್ರು ಮೊದಲ ಬಸ್ಸಿಗೇ ಬಂದು ನನ್ನನ್ನು ಚಹಾದ ಅಂಗಡಿಯಿಂದ ಎಬ್ಬಿಸಿಕೊಂಡು ಹೋದರು. ಸೈಕಲ್ ಸ್ಟ್ಯಾಂಡಿನ ಹಿಂದೆ ಕುಕ್ಕರುಗಾಲಲ್ಲಿ ಕೂತೆವು. ಎದುರಿಗೆ ಮಳೆಮಾಪಕ, ಅದನ್ನೂ ಪೆಟ್ಟಿಗೆಯನ್ನೂ ಅರ್ಧ ಮುಚ್ಚುವಂತೆ ಒತ್ತಾಗಿ ಬೆಳೆದ ಜಾಲಿ. ಬಿಸಿಲು ಆಗಲೇ ಬಿಳಿಚಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ಕಾಗೆಗಳೂ ಇದ್ದಕ್ಕಿದ್ದಂತೆ ಸುಮ್ಮನಾದವು. ಎಂಟೂವರೆ. ಪೆಟ್ಟಿಗೆಯ ಮುಚ್ಚಳ ‘ಕಿರ್’ ಎಂದಿತು. ಆಮೇಲೆ ಜಾಲಿಯ ಒಳಗಿಂದ, ಗಂಡೋ ಹೆಣ್ಣೋ ತಿಳಿಯದ ಒಂದು ತೆಳ್ಳನೆಯ ದನಿ:

“ಸಿಫರ್.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಫೋನು ಒತ್ತಿದರು. ನಾನು ಕಣ್ಣು ಮಾತ್ರ ಮುಚ್ಚಿಕೊಂಡೆ. ತೆರೆದಾಗ ಅಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆಯ ಬೀಗ ಇನ್ನೂ ತೂಗಾಡುತ್ತಿತ್ತು. ಮೇಷ್ಟ್ರು ಫೋಟೋ ನೋಡಿ ಕುಸಿದು ಕೂತರು. “ಅಕ್ಷಾಂಶ ಐತೆ, ರೇಖಾಂಶ ಐತೆ, ತಾರೀಕು ಟೈಮು ಎಲ್ಲಾ ಐತೆ. ಮನುಷ್ಯನೇ ಇಲ್ವಲ್ರೀ!”

ಆಮೇಲೆ ನಾಲ್ಕು ದಿನ ಅವರು ಯಾರ ಹತ್ತಿರವೂ ಪುರಾವೆ ಕೇಳಲಿಲ್ಲ. ಅರ್ಥಶಾಸ್ತ್ರದವರು ಎರಡು ಪ್ರಬಂಧ ಸುಮ್ಮನೆ ಸೇರಿಸಿಕೊಂಡರು. ನನಗೆ ನಿಜವಾಗಿ ಭಯವಾದದ್ದು ಆಗ!

ಐದನೆಯ ದಿನ ಬೆಳಗಿನ ಜಾವ ಮಳೆ ಬಿತ್ತು. ನಾವು ಹೋಗುವಾಗ ಎಂಟೂವರೆ ದಾಟಿತ್ತು. ಪುಸ್ತಕದಲ್ಲಿ ಆ ದಿನದ ಅಳತೆ ಆಗಲೇ ಕೂತಿತ್ತು. ಆದರೆ ಈ ಸಲ ಮಳೆಮಾಪಕದ ಸುತ್ತ ಒದ್ದೆ ಮಣ್ಣು, ಮಣ್ಣಿನ ಮೇಲೆ ಹೆಜ್ಜೆ. ಹಿಮ್ಮಡಿ ಸವೆದ ಸಣ್ಣ ಚಪ್ಪಲಿಯ ಹೆಜ್ಜೆ. ಭಾಯಿ ಹಾಕುತ್ತಿದ್ದುದು ದೋಣಿಯಂಥ ಬೂಟು! ಮೇಷ್ಟ್ರಿಗೆ ಜೀವ ಬಂತು. ಒಂದೊಂದು ಹೆಜ್ಜೆಗೂ ಒಂದೊಂದು ಫೋಟೋ ಹೊಡೆಯುತ್ತ ಜಾಲಿಯೊಳಗೆ ನುಗ್ಗಿದರು. ಹೆಜ್ಜೆ ಕಾಂಪೌಂಡಿನ ಸಂದಿಯಲ್ಲಿ ತೂರಿ, ಆಚೆ ಒಂದು ಮನೆಯ ಹಿತ್ತಲ ಬಾಗಿಲಲ್ಲಿ ನಿಂತಿತ್ತು.

ಅದು ಭಾಯಿಯ ಮನೆ. ಬಾಗಿಲಲ್ಲಿ ಭಾಯಿಯ ಹೆಂಡತಿ. ಕೈಯಲ್ಲಿ ಪೆನ್ನು.

“ತಪ್ಪಾತು ಸಾರ್, ಮಾಫ್ ಮಾಡ್ರಿ,” ಎಂದರು ಆ ತಾಯಿ, ಪೆನ್ನನ್ನು ಸೆರಗಿನಲ್ಲಿ ಮುಚ್ಚುತ್ತ. “ಇನ್ನೊಂದು ಚಾವಿ ನಮ್ಮನೇಲೇ ಇತ್ತು. ವಾಪಸ್ ಕೊಡ್ತೀನಿ.”

“ಅಮ್ಮಾ, ಕೈಬರಹ ಭಾಯೀದು...” ಎಂದರು ಮೇಷ್ಟ್ರು.

“ಅವರದ್ದಲ್ಲ ಸಾರ್. ಮೊದಲಿಂದ್ಲೂ ನಂದೇ. ಈ ನೌಕರಿಗೆ ಮುಂಚೆ ಅವರಣ್ಣನ ಗ್ಯಾರೇಜಿನಾಗೆ ಕೈ ಮುರಿದಾಗ್ಲಿಂದ ಅವರಿಗೆ ಪೆನ್ನು ಹಿಡಿಯಾಕೆ ಆಗ್ತಿರಲಿಲ್ಲ, ಬೆರಳು ನಡುಗ್ತಿತ್ತು. ನೌಕರಿ ಹೋದೀತು ಅಂತ ಯಾರಿಗೂ ಹೇಳ್ಲಿಲ್ಲ. ಅವರು ಗಾಜು ನೋಡಿ ಕೂಗೋರು, ಗೋಡೆ ಸಂದಿಯಾಗೆ ಪುಸ್ತಕ ದಾಟಿಸೋರು, ಈಕಡೆ ನಾನು ಬರ್ಕಂತಿದ್ದೆ. ಅವರು ಹೋದಮ್ಯಾಲೆ, ನಮ್ಮಲ್ಲಿ ಹೆಂಡ್ತಿ ಹೊಸಿಲು ದಾಟಬಾರದ ನಾಕು ತಿಂಗಳು ಮಗಳು ನೋಡಿ ಕೂಗಿದ್ಲು. ಆಕೆ ಗಂಡನ ಮನೆಗೆ ಹೋದ್ಲು. ಈಗ ನಾನೇ ಕೂಗ್ತೀನಿ, ನಾನೇ ಬರೀತೀನಿ.”

“ಮಣ್ಣು ಮಾಡಿದ ದಿನಾನೂ ಬರೆದ್ರಾ ಅಮ್ಮಾ? ಯಾಕೆ?”

ಆಕೆ ತಲೆ ತಗ್ಗಿಸಿದರು. “ಆಸ್ಪತ್ರೆಗೆ ಹೋಗುವಾಗ ಹೇಳಿದ್ರು ಸಾರ್. ಒಂದಿನಾನೂ ಬಿಡಬ್ಯಾಡ. ಬಿಟ್ರೆ ಆ ಸಾರ್ ಅಂದಿದ್ದೇ ನಿಜ ಆಗತೈತೆ ಅಂತ.”

ಯಾವ ಸಾರ್ ಎಂದು ಆಕೆಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಫೋನನ್ನು ಜೇಬಿಗೆ ಹಾಕಿಕೊಂಡು, ಕನ್ನಡಕ ತೆಗೆದು, ತುಂಬ ಹೊತ್ತು ಒರೆಸಿದರು. ಚಾವಿ ತೆಗೆದುಕೊಳ್ಳಲಿಲ್ಲ. ಆಕೆಯ ಫೋಟೋ ಹೊಡೆಯಲೂ ಇಲ್ಲ. ನನಗೆ ಅವರ ಮುಖ ನೋಡಲು ಆಗಲಿಲ್ಲ. ಆವತ್ತು ನಕ್ಕವರಲ್ಲಿ ನಾನೂ ಒಬ್ಬ ತಾನೇ?

ಆ ವರ್ಷದ ವರದಿಯಲ್ಲಿ ಸಿಬ್ಬಂದಿಯ ಸಾಧನೆಯ ಮೊದಲ ಸಾಲು ಮಳೆ ಪುಸ್ತಕದ್ದು. ಎದುರಿಗೆ ಗಂಡ ಹೆಂಡತಿ ಇಬ್ಬರ ಹೆಸರು. ಪುರಾವೆಯ ಕಾಲಂನಲ್ಲಿ ಮೇಷ್ಟ್ರು ಫೋಟೋ ಅಂಟಿಸದೆ, ತಮ್ಮ ಕೈಯಾರೆ ‘ನಾನು’ ಎಂದಷ್ಟೇ ಬರೆದು ಸಹಿ ಹಾಕಿದರು. ಪ್ರಿನ್ಸಿಪಾಲರು ಕೆಳಗೆ ಸಹಿ ಮಾಡಿದರು. ಡಬ್ಬಿ ಕೀಳುವ ಮಾತು ಮತ್ತೆ ಬರಲಿಲ್ಲ.

ಈಗಲೂ ನಮ್ಮ ಕಾಲೇಜಿನ ಹಿತ್ತಲಲ್ಲಿ ಬೆಳಿಗ್ಗೆ ಎಂಟೂವರೆಗೆ ದನಿ ಕೇಳುತ್ತದೆ. ಮೊಳಕಾಲ್ಮುರಿನ ಮೊದಲ ಬಸ್ಸಿಗೆ ಬಂದ ಮೇಷ್ಟ್ರು ಅಳತೆ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ತೆಲುಗು ನಾಲಗೆಯಲ್ಲಿ ಗಟ್ಟಿಯಾಗಿ ಕೂಗುತ್ತಾರೆ.

“ಸಿಫರ್ ಅಮ್ಮಾ!”

ಗೋಡೆಯಾಚೆಯಿಂದ ಉತ್ತರ ಬರುತ್ತದೆ.

“ಬರ್ಕಂಡೆ ಸಾರ್.”