ಎತ್ತಪ್ಪನ ನೆರಳು

ಎತ್ತಪ್ಪ ತೆಗೆಯುವ ಫೋಟೋಗಳಲ್ಲಿ ಒಂದೇ ಒಂದು ದೋಷವಿತ್ತು. ಗಿರಾಕಿಯ ಮುಖಕ್ಕೆ ಚೆನ್ನಾಗಿ ಬೆಳಕು ಬೀಳಲೆಂದು ಅವನು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಫೋಟೋ ಅಲ್ಲೇ ತೊಳೆದು ಕೊಡುವ ಮೂರು ಕಾಲಿನ ಡಬ್ಬಿ ಕ್ಯಾಮೆರಾ, ಅದರ ಮೇಲಿನ ಕರಿಬಟ್ಟೆ, ಬಟ್ಟೆಯೊಳಗೆ ತಲೆ ತೂರಿಸಿದ ಎತ್ತಪ್ಪ, ಎಲ್ಲ ಸೇರಿ ಗೂನು ಬೆನ್ನಿನ ಭೂತದಂಥ ನೆರಳೊಂದು ಪ್ರತಿ ಫೋಟೋದ ಕೆಳಗೂ ಮಲಗಿರುತ್ತಿತ್ತು. ಚಿತ್ರದುರ್ಗದ ಬಸ್ ಸ್ಟ್ಯಾಂಡ್ ಎದುರು ಹತ್ತು ವರ್ಷದಿಂದ ಹೀಗೆ ಅವನು ಊರವರ ಕಾಲಬುಡದಲ್ಲಿ ಬಿದ್ದುಕೊಂಡಿದ್ದ.

ಎಪ್ಪತ್ತಾರನೇ ಇಸವಿಯ ಒಂದು ಬೆಳಗ್ಗೆ ಅಲ್ಲಿಗೆ ಡಂಗುರದವನು ಬಂದ. ರಸ್ತೆ ಅಗಲವಾಗುತ್ತದೆ, ರಸ್ತೆಬದಿಯವರೆಲ್ಲ ಜಾಗ ಖಾಲಿ ಮಾಡಬೇಕು. ಇಲ್ಲೇ ಕಸುಬು ಮಾಡುತ್ತಿದ್ದುದಕ್ಕೆ ಪುರಾವೆಯಾಗಿ ಸಾಯಂಕಾಲ ನಾಲ್ಕಕ್ಕೆ ಪುರಸಭೆಯ ಸಾಹೇಬರಿಗೆ ಫೋಟೋ ತೋರಿಸಿದವರಿಗೆ ಹೊಸ ಮಾರ್ಕೆಟ್ಟಿನಲ್ಲಿ ಮಳಿಗೆ. ಉಳಿದವರಿಗೆ ದೇವರೇ ಗತಿ.

ಬೀದಿಗೆ ಬೀದಿಯೇ ಎತ್ತಪ್ಪನ ಮೇಲೆ ಬಿತ್ತು. ಮೊದಲು ನುಗ್ಗಿದವಳು ಹೂ ಮಾರುವ ಬೋರಕ್ಕ. ಮೊದಲನೇ ಫೋಟೋದಲ್ಲಿ ಕಣ್ಣು ಮುಚ್ಚಿದಳು. ಎರಡನೆಯದು ತೆಗೆಯುವಾಗ ಹಸುವೊಂದು ಹೂವಿನ ಪುಟ್ಟಿಗೆ ಬಾಯಿ ಹಾಕಿತು. ಮೂರನೆಯದನ್ನು ಬಕೆಟ್ಟಿನ ನೀರಿನಿಂದ ಎತ್ತಿದ್ದೇ ತಡ, ಚೀರಿಕೊಂಡಳು.

“ಏನಪ್ಪ ಇದು? ನನ್ನ ಹೂವಿನ ಪುಟ್ಟಿ ಹತ್ರ ದೆವ್ವ ಮಲಗೈತೆ!”

“ಅದು ನಾನು ಕಣಕ್ಕ. ನನ್ನ ನೆರಳು.”

“ನನ್ನ ಅಂಗ್ಡೀಲಿ ನಿಂಗೇನು ಕೆಲ್ಸ? ಸಾಹೇಬ್ರು ನಿನ್ನೂ ಪಾಲುದಾರ ಅಂದ್ಕಂಡ್ರೆ? ಕತ್ರಿ ತಗಂಡು ಕತ್ತರ್ಸಾಕು!”

ಎತ್ತಪ್ಪ ತನ್ನನ್ನು ತಾನೇ ಕತ್ತರಿಸಿ ಚರಂಡಿಗೆ ಎಸೆದ. ಬೋರಕ್ಕ ಹೇಳಿದ ಮೇಲೆ ಮುಗಿಯಿತು. ಬಾಳೆಹಣ್ಣಿನ ಪಾಪಣ್ಣನಿಂದ ಹಿಡಿದು ಎಲ್ಲರೂ ಪಾಲುದಾರನನ್ನು ಕತ್ತರಿಸಿಯೇ ಫೋಟೋ ಒಯ್ದರು. ಚಹಾದಂಗಡಿಯ ಕೆಂಚಣ್ಣನೊಬ್ಬ ಮಾತ್ರ, ಒಲೆ ಮೇಲೆ ಹಾಲು ಉಕ್ಕಿತೆಂದು, ಒದ್ದೆ ಫೋಟೋ ಹಿಡಿದು ಹಾಗೇ ಓಡಿದ.

“ಇನ್ನು ನಂದು” ಎಂದು ಎತ್ತಪ್ಪ ಬೆವರು ಒರೆಸಿಕೊಂಡು ನೋಡಿದರೆ ಫೋಟೋ ಕಾಗದವೇ ಮುಗಿದಿತ್ತು. ಹೊಸದು ದಾವಣಗೆರೆಯಿಂದ ಬರಬೇಕಾದರೆ ನಾಳೆಯಾಗುತ್ತದೆ. ಐದು ಹೊಟ್ಟೆಗಳು ಆ ಡಬ್ಬಿಯನ್ನೇ ನಂಬಿದ್ದವು.

ನಾಲ್ಕಕ್ಕೆ ಸಾಹೇಬರು ರಸ್ತೆಯಲ್ಲೇ ಮೇಜು ಹಾಕಿಸಿದರು. ಒಬ್ಬೊಬ್ಬರಿಗೇ ಮಳಿಗೆ ಸಿಕ್ಕಿತು. ಎತ್ತಪ್ಪ ಕೈಮುಗಿದ.

“ಸ್ವಾಮಿ, ಇವನ್ನೆಲ್ಲ ತೆಗ್ದೋನೇ ನಾನು.”

“ಇರಬಹುದು. ನೀನಿರೋ ಫೋಟೋ ಎಲ್ಲೈತೆ?”

ಎತ್ತಪ್ಪ ಫೋಟೋ ಕಾಗದದ ಖಾಲಿ ಪೊಟ್ಟಣ ಬಿಚ್ಚಿ ತೋರಿಸಿದ. ಅಷ್ಟರಲ್ಲಿ ಕೆಂಚಣ್ಣ ಚಹಾದ ಕಲೆ ಬಿದ್ದ ತನ್ನ ಫೋಟೋ ತಂದಿಟ್ಟ. ಸಾಹೇಬರು ಕನ್ನಡಕ ಏರಿಸಿದರು.

“ಇದೇನ್ರಿ ಕೆಳಗೆ, ಗೂನು ಬೆನ್ನಿಂದು?”

“ನಮ್ಮ ಎತ್ತಪ್ಪ ಸ್ವಾಮಿ!” ಎಲ್ಲರಿಗಿಂತ ಜೋರಾಗಿ ಕೂಗಿದವಳು ಬೋರಕ್ಕನೇ.

“ಎಲ್ಲಿ, ನಿಂತು ತೋರ್ಸು.”

ಎತ್ತಪ್ಪ ಇಳಿಬಿಸಿಲಿಗೆ ಬೆನ್ನು ಮಾಡಿ ಕರಿಬಟ್ಟೆ ಹೊದ್ದ. ನೆರಳು ಉದ್ದಕ್ಕೆ ಹರಿದು ಸಾಹೇಬರ ಮೇಜಿನ ಕಾಲನ್ನೇ ಮುಟ್ಟಿತು. ಸಾಹೇಬರು ಫೋಟೋವನ್ನು ನೆರಳಿನ ಪಕ್ಕ ಹಿಡಿದರು. ಅದೇ ಗೂನು, ಅವೇ ಕಾಲುಗಳು.

“ಬರ್ಕಳ್ರಿ, ಹದಿಮೂರನೇ ಮಳಿಗೆ!”

ಬೀದಿ ಸಿಳ್ಳೆ ಹೊಡೆಯಿತು. ಬೋರಕ್ಕ ಕ್ಯಾಮೆರಾಕ್ಕೆ ಸೇವಂತಿಗೆ ಹಾರ ಹಾಕಿದಳು. ಪಾಪಣ್ಣ, ಕೆಂಚಣ್ಣ ಸೇರಿ ಎತ್ತಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಸ ಮಾರ್ಕೆಟ್ಟಿಗೆ ಮೆರವಣಿಗೆ ಹೊರಟರು. ದುರ್ಗದ ಕೋಟೆಯನ್ನೇ ಗೆದ್ದಷ್ಟು ಹಿಗ್ಗು ಅವನಿಗೆ.

ಹನ್ನೆರಡು ಮಳಿಗೆಗಳು ರಸ್ತೆಗೆ ಮುಖ ಮಾಡಿದ್ದವು. ಹದಿಮೂರನೆಯದು ಒಳಗೆ, ಮೆಟ್ಟಿಲ ಹಿಂದಿನ ಮೂಲೆಯಲ್ಲಿತ್ತು. ಕಿಟಕಿಯಿಲ್ಲ, ಕರೆಂಟು ಇನ್ನೂ ಬಂದಿರಲಿಲ್ಲ. ಎತ್ತಪ್ಪ ಕ್ಯಾಮೆರಾ ನಿಲ್ಲಿಸಿ ಕರಿಬಟ್ಟೆಯೊಳಗೆ ತಲೆ ಹಾಕಿದ, ಮತ್ತೆ ಹೊರಗೆ ತೆಗೆದ. ಒಳಗೂ ಹೊರಗೂ ಒಂದೇ ಥರ ಇತ್ತು.

“ಅಕ್ಕಾ, ಇಲ್ಲಿ ಬಿಸಿಲೇ ಬರಲ್ವಲ್ಲ!”

ಬೋರಕ್ಕ ಕತ್ತಲೆಯಲ್ಲೇ ಅವನ ಬೆನ್ನು ತಟ್ಟಿದಳು.

“ಒಳ್ಳೇದೇ ಆತು ಬಿಡಪ್ಪ. ಇನ್ಮ್ಯಾಲೆ ನಿನ್ನ ನೆರಳು ಯಾರ ಫೋಟೋದಾಗೂ ಬೀಳಂಗಿಲ್ಲ.”