ಅಲ್ಲಿ ಯಾರೂ ಇಲ್ಲ, ಪ್ರಭು

ರಾಜನ ಪಾತ್ರ ಮಾಡಬೇಕಾದ ದಿನ ಬೆಳಿಗ್ಗೆಯೇ ಬೋಜ ಕಳ್ಳನಾದ. ಬೇಕೆಂದು ಆದದ್ದಲ್ಲ, ಪಾಪ. ಮಾದಾಪುರದ ಹತ್ತಿರ ಅವನದೊಂದು ಸಣ್ಣ ತೋಟ. ಪಿಕಿಂಗಿಗೆ ಆಳು ಸಿಗದೆ ತಾನೇ ಕಾಫಿ ಹಣ್ಣು ಕೊಯ್ಯಲು ನಿಂತಿದ್ದ. ಕೈ ಗಿಡದ ಮೇಲೆ, ಗಮನವೆಲ್ಲ ನಾಟಕದ ಮಾತಿನ ಮೇಲೆ. ಎದುರಿಗಿರಬೇಕಾದ ಗಡಿಯ ಸಿಲ್ವರ್ ಓಕ್ ಮರ ಬೆನ್ನ ಹಿಂದೆ ಕಂಡಾಗ, ಪಕ್ಕದ ತೋಟದ ದೇರಪ್ಪನ ಒಂದು ಸಾಲು ಪೂರಾ ಬೋಳಾಗಿ, ಬೋಜನ ಮೂಟೆ ತುಂಬಿತ್ತು.

ಆಗಲೇ ಹೋಗಿ ಹೇಳಬಹುದಿತ್ತು. ಆದರೆ ದೇರಪ್ಪನಿಗೆ ಹೇಳುವುದೆಂದರೆ ಊರಿಗೇ ಹೇಳಿದ ಹಾಗೆ. ಹೋದ ವರ್ಷ ಬೋಜನ ಹಸು ಅವನ ಹೂವಿನ ಗಿಡ ತಿಂದದ್ದನ್ನು ಬೆಳೆಗಾರರ ಸಂಘದ ಮೀಟಿಂಗಿನಲ್ಲಿ ಎತ್ತಿದ್ದ ಮಹಾನುಭಾವ ಅವನು. ಬೋಜ ಸದ್ದಿಲ್ಲದೆ ಆ ಮೂಟೆಯನ್ನು ತನ್ನ ಕಣದ ರಾಶಿಗೆ ಸುರಿದ. ಸದ್ಯ, ಮಾನ ಉಳಿಯಿತು ಅಂದುಕೊಂಡ.

"ಕೈಯೆಲ್ಲ ಎಂತ ಕಪ್ಪು? ರಾಜನ ಕೈ ಹೀಗಾ ಇರೋದು?" ಎಂದಳು ಹೆಂಡತಿ ವೀಣಾ.

"ಕಾಫಿ ಕಲೆ ಕಣೇ."

"ಗೊತ್ತು. ಅದಕ್ಯಾಕೆ ಹಾಗೆ ಬೆವರ್ತೀರಿ?"

ಸೋಪು ಹಾಕಿದ, ನಿಂಬೆಹಣ್ಣು ಹಾಕಿದ, ಬೂದಿ ಹಾಕಿ ತಿಕ್ಕಿದ. ಕಲೆ ಜಪ್ಪಯ್ಯ ಅನ್ನಲಿಲ್ಲ. ಕನ್ನಡಿ ನೋಡಲೂ ಅವನಿಗೆ ನಾಚಿಕೆಯಾಯಿತು.

ನಾಟಕ ಮಧ್ಯಾಹ್ನ ಎರಡು ಗಂಟೆಗೆ. ಸಂಜೆಯಾದರೆ ರಸ್ತೆಗೆ ಆನೆಗಳು ಇಳಿಯುತ್ತವೆ, ಹಾಗಾಗಿ ನಮ್ಮ ಕಡೆ ಪ್ರೇತಗಳೂ ಹಗಲಲ್ಲೇ ಬಂದು ಹೋಗಬೇಕು. ಕತೆ ಇಷ್ಟೇ: ತಮ್ಮನನ್ನು ಕೊಂದು ಪಟ್ಟವೇರಿದ ರಾಜನಿಗೆ ಔತಣದಲ್ಲಿ ಖಾಲಿ ಕುರ್ಚಿಯ ಮೇಲೆ ಸತ್ತ ತಮ್ಮ ಕಾಣುತ್ತಾನೆ. ಕಲಿಸಿದ ಪರಮೇಶಪ್ಪ ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು: "ಕುರ್ಚಿ ಖಾಲಿಯೇ ಇರ್ತದೆ. ಪ್ರೇತ ರಾಜನಿಗೆ ಮಾತ್ರ ಕಾಣೋದು. ಉಳಿದೋರು ಆ ಕಡೆ ತಲೆ ಕೂಡ ತಿರುಗಿಸ್ಬಾರ್ದು, ಏನೇ ಆಗ್ಲಿ!"

ಔತಣದ ದೃಶ್ಯ ಬಂತು. ಬೋಜ ಲೋಟ ಎತ್ತಿ ಕುರ್ಚಿಯತ್ತ ತಿರುಗಿದ. ಅಲ್ಲಿ ದೇರಪ್ಪ ಕೂತಿದ್ದ.

ಬಿಳಿ ಜುಬ್ಬ, ಬಿಳಿ ಶಾಲು, ನೆಟ್ಟ ನೋಟ. ಬೋಜ ಲೋಟ ಕೆಳಗಿಟ್ಟ. ಮಂತ್ರಿಯಾಗಿದ್ದ ಸಿದ್ದರಾಜುವಿನ ತೋಳು ಹಿಡಿದು, "ಲೋ, ಆ ಕುರ್ಚೀಲಿ ದೇರಪ್ಪಣ್ಣ ಕಾಣ್ತಿದಾರಾ ನಿಂಗೆ?" ಎಂದು ಪಿಸುಗುಟ್ಟಿದ.

ಸಿದ್ದರಾಜು ಮೇಷ್ಟ್ರ ಮಾತು ಮೀರುವವನಲ್ಲ. ಗೋಡೆ ನೋಡುತ್ತ ಕಂಠಪಾಠ ಒಪ್ಪಿಸಿದ: "ಅಲ್ಲಿ ಯಾರೂ ಇಲ್ಲ, ಪ್ರಭು."

"ಸರಿಯಾಗಿ ನೋಡೋ ಮಾರಾಯ!"

"ಯಾರೂ ಇಲ್ಲ, ಪ್ರಭು."

ಕುರ್ಚಿಯಲ್ಲಿದ್ದದ್ದು ಕೆಮ್ಮಿತು.

ಮುಗಿಯಿತು. ಬೋಜ ಕಿರೀಟ ಕಿತ್ತೆಸೆದು ಮಂಡಿಯೂರಿದ. "ತಪ್ಪಾಯ್ತು ದೇರಪ್ಪಣ್ಣ! ಸಿಲ್ವರ್ ಮರದಾಚೆ ಸಾಲು ಕೊಯ್ದಿದ್ದು ನಾನೇ! ಒಂದು ಮೂಟೆ ನಮ್ಮ ಕಣದಲ್ಲೇ ಇದೆ. ಈ ಕೈ ನೋಡಿ!" ಮೈಕು ಅದನ್ನು ಬಸ್ ಸ್ಟ್ಯಾಂಡಿನವರೆಗೂ ಮುಟ್ಟಿಸಿತು.

"ಎಂತ! ಆ ಸಾಲಾ?" ಎಂದು ಕುರ್ಚಿಯಲ್ಲಿದ್ದದ್ದು ಎದ್ದು ನಿಂತಿತು.

ಅಸಲಿ ದೇರಪ್ಪನೇ! ಸಂಘದ ಅಧ್ಯಕ್ಷನಾದ ಮೇಲೆ ಯಾವ ಸಭೆಗೆ ಹೋದರೂ ವೇದಿಕೆಯಲ್ಲೇ ಕೂತು ಅಭ್ಯಾಸ ಅವನಿಗೆ. ತಡವಾಗಿ ಬಂದವನು ಬಣ್ಣದ ಕೋಣೆಯ ಹಿಂಬಾಗಿಲಿನಿಂದ ವೇದಿಕೆ ಹತ್ತಿ, ಖಾಲಿ ಕುರ್ಚಿ ಕಂಡು ಕೂತುಬಿಟ್ಟಿದ್ದ.

ಜನ ಗೊಳ್ಳೆಂದರು. ವೀಣಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು ಬೋಜನಿಗೆ ಕಂಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಧ್ಯಕ್ಷರು ಮೈಕು ಹಿಡಿದು, "ಬೋಜನ್ನ ನಾನು ಕ್ಷಮಿಸಿದೀನಿ. ಮೂಟೆ ಇವತ್ತೇ ನಮ್ಮನೆಗೆ ತಲುಪಿಸ್ಲಿ, ಸಾಕು," ಎಂದರು. ಚಪ್ಪಾಳೆಯೋ ಚಪ್ಪಾಳೆ.

ಬೋಜ ಬಣ್ಣದ ಕೋಣೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾಗ ದೇರಪ್ಪ ಒಬ್ಬನೇ ಒಳಬಂದು ಬಾಗಿಲು ಹಾಕಿದ. ಅವನ ಕಣ್ಣು ಒದ್ದೆಯಾಗಿತ್ತು.

"ನಿನ್ನ ನೋಡಿ ನಂಗೂ ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ತಿಲ್ಲ ಮಾರಾಯ. ಆ ಸಾಲು ನಿಂದೇ. ಗಡಿಕಲ್ಲು ಅದರಾಚೆ ಇತ್ತು. ನಿಮ್ಮಪ್ಪ ತೀರ್ಕೊಂಡಾಗ ನೀನಿನ್ನೂ ಚಿಕ್ಕೋನು. ಕಲ್ಲು ಕಿತ್ತು ಹೊಳೆಗೆ ಹಾಕಿ, ಸಿಲ್ವರ್ ಮರಾನೇ ಗಡಿ ಅಂದದ್ದು ನಾನೇ. ಅಬ್ಬ, ಹೇಳಿದ ಮೇಲೆ ಮನಸ್ಸು ಹಗುರಾಯ್ತು!"

ಬೋಜ ಕಕ್ಕಾಬಿಕ್ಕಿಯಾದ. "ಹಾಗಾದ್ರೆ ಬನ್ನಿ, ಇದನ್ನೂ ಮೈಕಲ್ಲಿ ಹೇಳಿ!"

"ಛೆ ಛೆ! ಅಷ್ಟು ಜನರ ಎದುರು ನಂಗೆ ನಾಚಿಕೆ ಆಗ್ತದೆ. ಅದಕ್ಕೆಲ್ಲ ನಿನ್ನಂಥ ನಟನೇ ಬೇಕು."

ಬೋಜ ಬಾಗಿಲು ತೆರೆದು ಕೂಗಿದ. "ಮೇಷ್ಟ್ರೇ, ಸಿದ್ದರಾಜು, ಬನ್ನಿ! ದೇರಪ್ಪಣ್ಣನ ಬಾಯಿಂದಲೇ ಕೇಳಿ!" ಎಲ್ಲರೂ ಓಡಿಬಂದರು. ಹಿಂಬಾಗಿಲು ತೆರೆದಿತ್ತು.

ಈ ಸಲ ಸಿದ್ದರಾಜು ಕೋಣೆಯನ್ನೆಲ್ಲ ಸರಿಯಾಗಿಯೇ ನೋಡಿದ. ಆಮೇಲೆ ಬೋಜನ ಹೆಗಲ ಮೇಲೆ ಕೈಯಿಟ್ಟು ಮರುಕದಿಂದ ಹೇಳಿದ:

"ಅಲ್ಲಿ ಯಾರೂ ಇಲ್ಲ, ಪ್ರಭು."

ಆನೆ ಇಳಿಯುವ ಮೊದಲೇ ಬೋಜ ತಲೆ ತಗ್ಗಿಸಿಕೊಂಡು, ತನ್ನದೇ ಕಾಫಿಯನ್ನು ದೇರಪ್ಪನ ಮನೆಗೆ ಹೊತ್ತು ಹಾಕಿದ.