ಒರೆಸದ ಮೆಮೊರಿ

ಎಪ್ಪತ್ತರ ದಶಕದಲ್ಲಿ ಅಂಧೇರಿಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ನಾನು ಆಪರೇಟರ್ ಆಗಿದ್ದೆ. ಎದೆ ಧಸಕ್ಕೆನ್ನದೆ ಅಲ್ಲಿ ಒಂದು ವಾರವೂ ಕಳೆದದ್ದು ನೆನಪಿಲ್ಲ.

೧. ಮಡಿ

ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದೆ ಹೆಣ್ಣು ಕೊಡುವುದಿಲ್ಲವೆಂದು ವಿಲೆ ಪಾರ್ಲೆಯ ಭಾವೀ ಮಾವ ಖಡಾಖಂಡಿತ ಹೇಳಿದ್ದರು. ಹಾಗಾಗಿ ಯಂತ್ರದ ವಿಷಯ ಎಲ್ಲರನ್ನೂ ಕೇಳಿ ಕಲಿಯುತ್ತಿದ್ದೆ.

ಒಂದು ಕೆಲಸ ಮುಗಿದೊಡನೆ ಯಂತ್ರ ಅದರ ಮೆಮೊರಿಯನ್ನು ಅಳಿಸುತ್ತದೆಂದೇ ನಂಬಿದ್ದೆ. ಧಾರವಾಡದ ಪ್ರೋಗ್ರಾಮರ್ ನಕ್ಕ.

"ಅಳಸೂದಿಲ್ಲೋ ತಮ್ಮಾ. ಖಾಲಿ ಅಂತ ಗುರುತು ಹಾಕ್ತದ, ಅಷ್ಟ. ಹಳೇದು ಹಂಗ ಬಿದ್ದಿರ್ತದ."

"ಹೊಸ ಕೆಲಸಕ್ಕ ಯಾವ ಜಾಗಾ ಕೊಡ್ತದ?" ಎಂದೆ.

"ಈಗಷ್ಟ ಬಿಟ್ಟದ್ದು. ಪ್ರೊಸೆಸರ್ ಪಕ್ಕ ಕ್ಯಾಶ್ ಅಂತ ಸಣ್ಣ, ಚುರುಕು ಮೆಮೊರಿ ಅದ. ಅದರಾಗ ಆ ಜಾಗಾ ಇನ್ನೂ ಇರ್ತದ. ದೂರಿಂದ ತರೂದು ತಪ್ತದ."

ನಾನು ಹೌಹಾರಿದೆ. ಅಷ್ಟು ದೊಡ್ಡ ಯಂತ್ರ ಇಷ್ಟು ಕೊಳಕೇ? ಓಡಿಹೋಗಿ ಉಡುಪಿ ಕಡೆಯ ನಮ್ಮ ಸಾಹೇಬರಿಗೆ, ಪ್ರತಿ ಕೆಲಸದ ನಡುವೆ ಮೆಮೊರಿ ಒರೆಸಿಬಿಡೋಣ ಎಂದೆ.

"ಒರೆಸ್ತಾ ಕೂತರೆ ಯಂತ್ರ ದುಡಿಯುವುದು ಯಾವಾಗ ಮಾರಾಯ್ರೆ? ನೀವು ಮೆಮೊರಿಗೂ ಮಡಿ ಮಾಡಿಸ್ಲಿಕ್ಕೆ ಬಂದದ್ದಾ?"

೨. ಬಿಟ್ಟ ಹಾಸಿಗೆ

ಬೈಕುಲ್ಲಾದ ನಮ್ಮ ಖೋಲಿಯಲ್ಲಿ ಹಾಸಿಗೆಗೂ ಪಾಳಿ. ರಾತ್ರಿ ಮಿಲ್ಲಿಗೆ ಹೋಗುವವನು ಹಗಲು ಮಲಗಬೇಕು. ಬಿಜಾಪುರದವನೊಬ್ಬ ಹಾಸಿಗೆ ಬಿಟ್ಟುಕೊಟ್ಟು ಊರಿಗೆ ಹೊರಟ. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಹೊಸಬನೊಬ್ಬ ಅದೇ ಬಿಸಿ ಹಾಸಿಗೆಯಲ್ಲಿ ಮುಸುಕು ಹಾಕಿದ್ದ.

ಬಿಜಾಪುರದವನಿಗೆ ಗಾಡಿ ತಪ್ಪಿತು. ವಾಪಸ್ ಬಂದವನೇ ಅಭ್ಯಾಸಬಲದಿಂದ ತನ್ನ ಜಾಗದಲ್ಲಿ ದೊಪ್ಪನೆ ಬಿದ್ದ. ಹಾಸಿಗೆ ಕಿರುಚಿತು.

"ಯಾಂವಲೇ ನೀ?" ಎಂದ ಅಡಿಯಲ್ಲಿದ್ದವನು.

"ನನ್ನ ಹಾಸಿಗ್ಯಾಗ ಮಲಗಿ ನನ್ನ ಕೇಳ್ತಿ?"

ಮರುದಿನ ಇದನ್ನು ಹೇಳಿದರೆ ಪ್ರೋಗ್ರಾಮರ್ ನಗಲಿಲ್ಲ, ಬೆಚ್ಚಿಬಿದ್ದ. "ನನ್ನ ಪ್ರೋಗ್ರಾಮೂ ಇದನ್ನ ಮಾಡ್ಲಿಕತ್ತದ. ಬಿಟ್ಟುಕೊಟ್ಟ ಜಾಗಕ್ಕ ತಿರುಗಿ ಹೋಗಿ ಬರೀತದ. ಎಷ್ಟು ದಿನ ತಲಿ ಕೆಡಿಸಿಕೊಂಡೆ. ಆ ಬಿಜಾಪುರದವನ್ನ ಕರಕೊಂಡು ಬಾ, ಕಾಲಿಗೆ ಬೀಳ್ತೀನಿ."

೩. ಹೆರಿಗೆ ವಾರ್ಡು

ಒಂದು ದೊಡ್ಡ ಆಸ್ಪತ್ರೆಯ ಲೇಡಿ ಡಾಕ್ಟರು, ಹುಬ್ಬಳ್ಳಿಯವರು, ತಮ್ಮ ದಾಖಲೆಗಳ ಕೆಲಸ ನಮಗೆ ಕೊಡುವ ಮೊದಲು ನಮ್ಮ ಯಂತ್ರ ಪರೀಕ್ಷಿಸಲು ಬಂದರು. "ಇವತ್ತು ಸರಿ ಓಡಿಸಿದರೆ ನೀವು ಕಾಯಂ, ಇಲ್ಲದಿದ್ದರೆ ಮನೆಗೆ" ಎಂದರು ಸಾಹೇಬರು.

ಆಗಷ್ಟೇ ನಮ್ಮ ಸಿಬ್ಬಂದಿಯ ಪಟ್ಟಿ ಓಡಿ ಮುಗಿದಿತ್ತು. ಅದು ಬಿಟ್ಟ ಜಾಗವೇ ಆಸ್ಪತ್ರೆಯ ಕೆಲಸಕ್ಕೆ ಸಿಕ್ಕಿತು. ಯಂತ್ರ ಓದುವ ತೂತಿನ ಕಾರ್ಡೊಂದರಲ್ಲಿ ಬಾಣಂತಿಯ ಹೆಸರು, ವಯಸ್ಸು ಪಂಚ್ ಮಾಡಲು ಅವರ ಗುಮಾಸ್ತ ಮರೆತಿದ್ದ. ಹೊಸದು ತುಂಬದ ಆ ಜಾಗದಲ್ಲಿ ಹಳೆಯದೇ ಉಳಿಯಿತು.

ಅಚ್ಚಾಗಿ ಬಂದ ಹಾಳೆಯನ್ನು ಡಾಕ್ಟರು ಗಟ್ಟಿಯಾಗಿ ಓದಿದರು. ಹೆರಿಗೆ ವಾರ್ಡು. ಸಾಹೇಬರ ಹೆಸರು. ವಯಸ್ಸು ಐವತ್ತನಾಲ್ಕು. ಹೆಣ್ಣು ಮಗು, ಇಬ್ಬರೂ ಆರೋಗ್ಯ.

ಮದುವೆಯ ಆಸೆ ಅಲ್ಲಿಗೇ ಬಿಟ್ಟೆ. ಸಾಹೇಬರು ಬೆವರೊರೆಸಿಕೊಳ್ಳುತ್ತಾ ನನ್ನ ಕಿವಿಯಲ್ಲಿ, "ಒರೆಸಿ ಮಾರಾಯ್ರೆ, ಎಲ್ಲ ಒರೆಸಿ. ನೀವು ಕಾಯಂ" ಎಂದು ಬಾಗಿಲತ್ತ ಧಾವಿಸಿದರು.

ಡಾಕ್ಟರು ತಡೆದರು. "ಹಂಗ ಓಡಬ್ಯಾಡ್ರಿ ಸಾಹೇಬ್ರ. ಹಸಿ ಬಾಣಂತಿ ನೀವು."